ಫ್ಲೀಟರ ಅನುಮಾನ, ಗಂಗರ ತಾಮ್ರಪಟ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ಗಂಗರ ರಾಜಧಾನಿ ತಲಕಾಡು ದೂರವೇನಲ್ಲ. ಈ ಸೀಮೆಯನ್ನು ಸುಮಾರು ಆರು ಶತಮಾನ ಆಳಿದ ಆ ಮನೆತನದ ಆದಿಪುರುಷರು ನಿಜಕ್ಕೂ ಇದ್ದರೇ ಎಂಬ ತಕರಾರು 19ನೇ ಶತಮಾನದ ಕೊನೆಯಲ್ಲಿ ಎದ್ದಿತು. ಎತ್ತಿದವರು ಮುಂಬಯಿ ಪ್ರಾಂತದ ಅಧಿಕಾರಿ ಜೆ. ಎಫ್. ಫ್ಲೀಟ್. ಗಂಗರ ಪರವಾಗಿ ನಿಂತವರು ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್. ಇಬ್ಬರೂ ಇಂಗ್ಲಿಷರೇ. ಪಾಶ್ಚಾತ್ಯರು ನಮ್ಮ ಚರಿತ್ರೆಯನ್ನು ಕೆಡಿಸಿದರೆಂದು ಒಂದೇ ಉಸಿರಿನಲ್ಲಿ ಹೇಳುವವರು ಈ ಜಗಳವನ್ನು ಒಮ್ಮೆ ಓದಬೇಕು.

ಫ್ಲೀಟರ ವಾದದಲ್ಲಿ ಹುರುಳಿತ್ತು. ಮಡಿಕೇರಿಯ ತಾಮ್ರಪಟದಲ್ಲಿ 388ನೇ ವರ್ಷವೆಂದಿದೆ. ರೈಸ್ ಅದನ್ನು ಶಕವರ್ಷವೆಂದು ಹಿಡಿದು ಕ್ರಿ.ಶ. 466 ಎಂದರು. ಅದರ ಅಕ್ಷರಗಳೋ ಶತಮಾನಗಳಷ್ಟು ಈಚಿನವು. ಇಂಥ ಪಟಗಳನ್ನು ಕಂಡ ಫ್ಲೀಟರು ಗಂಗರ ಆರಂಭದ ವಂಶಾವಳಿಯೇ ಕಟ್ಟುಕಥೆ, ಪಟಗಳು ಕೂಟಶಾಸನಗಳು, ಅಂದರೆ ಖೋಟಾ, ಎಂದು ತೀರ್ಮಾನಿಸಿದರು. ಅವರು ಎಡವಿದ್ದು ಇಲ್ಲಿ. ತಾಮ್ರಪಟವೆಂದರೆ ದಾನ ಪಡೆದವರ ಮನೆಯಲ್ಲಿ ಉಳಿಯುವ ಜಮೀನಿನ ಪತ್ರ. ಖೋಟಾ ಮಾಡಲು ಆಸೆಯೂ ಇರುತ್ತದೆ. ಹಳೆಯದು ಕಳೆದುಹೋದಾಗ ಹೊಸದಾಗಿ ಬರೆಸಿಕೊಳ್ಳುವ ಅಗತ್ಯವೂ ಬರುತ್ತದೆ. ಆದ್ದರಿಂದ ಈಚಿನ ಲಿಪಿಯೊಂದರಿಂದಲೇ ಒಳಗಿನ ಹೆಸರುಗಳೆಲ್ಲ ಹುಸಿ ಎನ್ನಲಾಗದು.

ಆಮೇಲೆ ಪೆನುಕೊಂಡದ ಪಟ ಸಿಕ್ಕಿತು. ಕೊಂಗಣಿವರ್ಮ, ಅವನ ಮಗ ಮಾಧವ ಎಂಬ ಆ ಮೊದಲ ಹೆಸರುಗಳೇ ಅದರಲ್ಲೂ ಇದ್ದವು. ಅದೇ ವಂಶದ ಅಯ್ಯವರ್ಮನಿಗೆ ಪಲ್ಲವ ಸಿಂಹವರ್ಮನೂ ಅವನ ಮಗನಿಗೆ ಪಲ್ಲವ ಸ್ಕಂದವರ್ಮನೂ ಪಟ್ಟ ಕಟ್ಟಿದರೆಂದು ಅದು ಹೇಳುತ್ತದೆ. 1915ರಲ್ಲಿ ಸ್ವತಃ ಫ್ಲೀಟರೇ ಇದು ನೈಜವೆಂದು ಒಪ್ಪಿ, ಲಿಪಿಯನ್ನು ನೋಡಿ ಸುಮಾರು 475ರ ಕಾಲಕ್ಕೆ ಸೇರಿಸಿದರು. ಜೈನರ ಸಂಸ್ಕೃತ ಗ್ರಂಥ 'ಲೋಕವಿಭಾಗ'ದಿಂದ ಇನ್ನೊಂದು ಆಸರೆ ದೊರೆಯಿತು: ಕಂಚಿಯ ಸಿಂಹವರ್ಮನ 22ನೇ ಆಳ್ವಿಕೆಯ ವರ್ಷ ಶಕ 380, ಅಂದರೆ ಕ್ರಿ.ಶ. 458, ಎಂದು ಅದು ತಿಳಿಸುತ್ತದೆ. ಲೋಹದ ಸಾಕ್ಷಿಯೂ ಓಲೆಗರಿಯ ಸಾಕ್ಷಿಯೂ ಕೂಡಿಬಂದವು. ಎರಡೂ ದೇಶೀ ಆಕರಗಳೇ ಎಂಬುದನ್ನು ಗಮನಿಸಬೇಕು.

ಪಟಗಳನ್ನು ಸಾರಾಸಗಟಾಗಿ ತಳ್ಳಿದ್ದರೆ ಏನು ಹೋಗುತ್ತಿತ್ತು? ಗಂಗರ ಅರಸ ದುರ್ವಿನೀತ ಕಿರಾತಾರ್ಜುನೀಯದ 15ನೇ ಸರ್ಗಕ್ಕೆ ಟೀಕೆ ಬರೆದ, ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದ ಎಂಬ ಸಂಗತಿಗಳಿಗೆ ಆಧಾರ ಈ ಪಟಗಳೇ. 'ಕವಿರಾಜಮಾರ್ಗ' ಅವನನ್ನು ಕನ್ನಡ ಗದ್ಯಕಾರರ ಸಾಲಿನಲ್ಲಿ ನಿಲ್ಲಿಸುತ್ತದೆ. ಅರಸನ ಪಾಂಡಿತ್ಯವನ್ನು ಆಸ್ಥಾನದ ಮುಖಸ್ತುತಿ ಎಂದು ತೇಲಿಸಿಬಿಡುವುದು ಸುಲಭ. ಕಾವ್ಯಮೀಮಾಂಸೆಯ ಗ್ರಂಥವೂ ಅದೇ ಹೆಸರನ್ನು ಹೇಳಿದಾಗ ಅಷ್ಟು ಸುಲಭವಲ್ಲ.

ಮಂಡ್ಯ ಸೀಮೆಯ ಕಲ್ಲುಗಳಿಗೆ ಖೋಟಾ ಎಂಬ ಅನುಮಾನದ ಕಾಟ ತಟ್ಟಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಶಕ 872ರದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗ, ಅವನ ಬಂಟ ಮಣಲೇರ, ಮಣಲೇರ ಮೆಚ್ಚಾಗಿ ಕೇಳಿಕೊಂಡ 'ಕಾಳಿ' ಎಂಬ ನಾಯಿ, ಅದು ಹಂದಿಯೊಡನೆ ಹೋರಾಡಿ ಸತ್ತದ್ದು ಎಲ್ಲವೂ ಅಲ್ಲಿವೆ. ಸತ್ತ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ವಿಷಯವನ್ನು ಯಾರಾದರೂ ಖೋಟಾ ಮಾಡಿಯಾರೇ! ಇನ್ನು ತಾಮ್ರಪಟಗಳಿಗೆ ಬಂದರೆ, ಮಂಡ್ಯ ತಾಲ್ಲೂಕಿನ ಹಳ್ಳೆಗೆರೆಯ ಪಟವಂತೂ ಒಂದನೆಯ ಶಿವಮಾರನ 34ನೇ ಆಳ್ವಿಕೆಯ ವರ್ಷವನ್ನು ಶಕ 635ಕ್ಕೆ ಜೋಡಿಸಿ, ಗಂಗರ ಕಾಲಗಣನೆಗೆ ಗಟ್ಟಿ ಗೂಟವನ್ನೇ ನೆಟ್ಟಿತು.

ಫ್ಲೀಟರ ಸಂಶಯವನ್ನು ಪೂರಾ ಬಿಸಾಡುವಂತಿಲ್ಲ. ಮಡಿಕೇರಿಯ ಪಟವನ್ನು 466ಕ್ಕೆ ಒಯ್ದ ರೈಸರ ನಿಲುವನ್ನು ಇಂದು ಒಪ್ಪುವವರು ಕಡಿಮೆ. 1984ರಲ್ಲಿ ಕೆ. ವಿ. ರಮೇಶ್ ಪಶ್ಚಿಮ ಗಂಗರ ಶಾಸನಗಳ ಸಂಪುಟವನ್ನು ಹೊರತಂದರು. ಗಂಗರ ಮೊದಲ ಅರಸರ ಬಗ್ಗೆ ಬರೆಯುವವರು ಇಂದಿಗೂ ನೈಜ ಪಟ ಯಾವುದು, ಕೂಟ ಯಾವುದು ಎಂಬ ವಿಂಗಡಣೆಯಿಂದಲೇ ಶುರುಮಾಡಬೇಕಾಗಿದೆ.