ಕಿಲ್ಲಾರಿಯ ಪಾಠ ಮತ್ತು ಕೊಪ್ಪಳದ ಶಿಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ನೆಲೆ ದಖ್ಖನ್ನಿನ ಅತಿ ಪ್ರಾಚೀನ ಶಿಲೆ. ಇಂತಹ ನೆಲ ಅಚಲವೆಂಬ ನಂಬಿಕೆಯನ್ನು 1843ರ ಬಳ್ಳಾರಿ ಭೂಕಂಪವೂ ಸುಮಾರು ಹತ್ತು ಸಾವಿರ ಜೀವಗಳನ್ನು ಬಲಿಪಡೆದ 1993ರ ಕಿಲ್ಲಾರಿ ಭೂಕಂಪವೂ ಸುಳ್ಳಾಗಿಸಿದವು.

ಕಿಲ್ಲಾರಿಯ ದುರಂತದ ತರುವಾಯ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಅಲ್ಲಿ ಆಳವಾದ ರಂಧ್ರ ಕೊರೆದು ಶಿಲಾಪೀಡನವನ್ನು ಅಳೆದರು. ರಂಧ್ರದ ಒಂದು ಭಾಗವನ್ನು ಬಿಗಿಯಾಗಿ ಮುಚ್ಚಿ ನೀರಿನ ಒತ್ತಡದಿಂದ ಶಿಲೆಯನ್ನು ಸೀಳುತ್ತಾರೆ. ಪಂಪು ನಿಂತೊಡನೆ ಬಿರುಕು ಮುಚ್ಚಿಕೊಳ್ಳುವಾಗಿನ ಒತ್ತಡ ಕನಿಷ್ಠ ಪೀಡನವನ್ನು ಸೂಚಿಸುತ್ತದೆ. ಆದರೆ ಭೂಕಂಪಪೂರ್ವದ ಅಳತೆ ಅಲ್ಲಿರಲಿಲ್ಲ. ಹೀಗಾಗಿ ದೊರೆತದ್ದು ಉಳಿದ ಪೀಡನವೇ ಹೊರತು ಬದಲಾವಣೆಯಲ್ಲ.

ಕೊಪ್ಪಳ ಸೀಮೆಯ ಮುನಿರಾಬಾದಿನ ಬಳಿ ತುಂಗಭದ್ರೆಯ ವಿಶಾಲ ಜಲಾಶಯವಿದೆ. ಜಲಾಶಯಕ್ಕೂ ಭೂಕಂಪಕ್ಕೂ ಇರಬಹುದಾದ ನಂಟನ್ನು 1967ರ ಕೊಯ್ನಾ ತೋರಿಸಿತು. ಆದುದರಿಂದ ನೆಲ ಶಾಂತವಾಗಿರುವಾಗಲೇ ಶಿಲೆಯ ಪೀಡನವನ್ನು ಅಳೆದು ದಾಖಲಿಸುವುದು ಇತಿಹಾಸದ ಬೇಡಿಕೆಯೂ ಹೌದು.