ಸಂಶೋಧನೆಯ ಫಲ ಮತ್ತು ರಾಮನ್ನರ ಕಲ್ಕತ್ತೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಾಗಿದ್ದಾರೆ. ಭೇಟಿಯಾದಾಗ ಅವರು ತೋಡಿಕೊಳ್ಳುವ ಅಳಲು ಒಂದೇ: "ಸಾರ್, ಪಾಠ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಸಂಶೋಧನೆಗೆ ಸಮಯವೆಲ್ಲಿ?" 2010ರ ಯುಜಿಸಿ ನಿಯಮಾವಳಿಯು ಪ್ರಬಂಧಗಳಿಗೆ ಅಂಕ ಕಟ್ಟುವ ಪದ್ಧತಿಯನ್ನು ತಂದ ಮೇಲಂತೂ ಈ ಮಾತು ಹೆಚ್ಚಾಗಿ ಕಿವಿಗೆ ಬೀಳತೊಡಗಿತು. ಅಧ್ಯಾಪಕನ ಸಂಶೋಧನೆ ಯಾವುದರಿಂದ ಬೆಳೆಯುತ್ತದೆ? ಸರ್ ಸಿ. ವಿ. ರಾಮನ್ನರ ಕಲ್ಕತ್ತೆಯ ವರ್ಷಗಳು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತವೆ.

1907ರಲ್ಲಿ ರಾಮನ್ ಕಲ್ಕತ್ತೆಗೆ ಬಂದದ್ದು ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಾಲಯ ಅವರಿಗಾಗಿ ಬಾಗಿಲು ತೆರೆಯಿತು. ಕಚೇರಿಗೆ ಮುನ್ನ ಮತ್ತು ಕಚೇರಿಯ ನಂತರ ಅಲ್ಲಿ ಪ್ರಯೋಗ ನಡೆಯುತ್ತಿತ್ತು. ಅಶುತೋಷ್ ಮುಖರ್ಜಿಯವರ ಒತ್ತಾಸೆಯಿಂದ 1917ರಲ್ಲಿ ಅವರು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು. ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಬಂಧನೆಯನ್ನು ಅವರಿಗಾಗಿ ಸಡಿಲಿಸಲಾಯಿತು. ವೇತನ ಮೊದಲಿಗಿಂತ ಕಡಿಮೆ. ಆದರೆ ಪಾಠ ಹೇಳಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಆದರೂ ಅವರು ಸಂತೋಷದಿಂದ ಪಾಠ ಹೇಳಿದರು.

ಬಿಡುವಿನ ಜೊತೆಗೆ ಸಂಗಡಿಗರೂ ದೊರೆತರು. 1923ರಲ್ಲಿ ಕೆ. ಆರ್. ರಾಮನಾಥನ್ ನೀರಿನಲ್ಲಿ ಚದುರಿದ ಬೆಳಕಿನಲ್ಲಿ ಕಂಡ ಕ್ಷೀಣ ಹೊಳಪಿನ ಜಾಡನ್ನು ಮುಂದೆ ಕೆ. ಎಸ್. ಕೃಷ್ಣನ್ ಹಿಡಿದರು. ಉಪಕರಣಗಳು ಸರಳವಾದವು, ಸೂರ್ಯನ ಬೆಳಕನ್ನು ಕೇಂದ್ರೀಕರಿಸಲು 18 ಸೆಂ.ಮೀ. ಅಗಲದ ದೂರದರ್ಶಕದ ಮಸೂರ ಸಾಕಾಯಿತು. 1928ರ ಫೆಬ್ರವರಿ 28ರಂದು ಹೊಸ ಬೆಳಕು ಸ್ಪಷ್ಟವಾಗಿ ಗೋಚರಿಸಿತು.

ಮಾರ್ಚ್ 16ರಂದು ರಾಮನ್ ನಮ್ಮ ಬೆಂಗಳೂರಿನಲ್ಲಿ ಆ ಕುರಿತು ಉಪನ್ಯಾಸ ನೀಡಿದರು. ತಾವೇ 1926ರಲ್ಲಿ ಆರಂಭಿಸಿದ್ದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅದನ್ನು ಕೂಡಲೇ ಅಚ್ಚು ಹಾಕಿಸಿ, ಪ್ರತಿಗಳನ್ನು ದೇಶವಿದೇಶಗಳ ವಿಜ್ಞಾನಿಗಳಿಗೆ ಕಳುಹಿಸಿದರು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಫೆಬ್ರವರಿಯಲ್ಲೇ ಸ್ಫಟಿಕಗಳಲ್ಲಿ ಇದನ್ನೇ ಕಂಡಿದ್ದರು. ಅವರ ಪ್ರಬಂಧ ಪ್ರಕಟವಾದದ್ದು ಜುಲೈನಲ್ಲಿ. 1930ರ ನೊಬೆಲ್ ಬಹುಮಾನ ರಾಮನ್ನರಿಗೆ ಸಂದಿತು.

ಪ್ರತಿಭೆ ರಾಮನ್ನರದು, ನಿಜ. ಆದರೆ ಬಿಡುವು, ಪ್ರಯೋಗಾಲಯ, ಸಂಗಡಿಗರು, ಪತ್ರಿಕೆ, ನಂಬಿಕೆಯಿಟ್ಟ ಹಿರಿಯರು ಇವೆಲ್ಲವೂ ಅದರ ಬೆನ್ನಿಗಿದ್ದವು. ಅಂಕಗಳು ಫಸಲನ್ನು ಅಳೆಯಬಲ್ಲವು, ನೆಲವನ್ನು ಹದಗೊಳಿಸಲಾರವು. ವಿಭಾಗದ ಮುಖ್ಯಸ್ಥರಾಗಿರುವ ನನ್ನ ಶಿಷ್ಯರಲ್ಲಿ ಒಂದು ಮಾತು: ನಿಮ್ಮ ಕಿರಿಯ ಅಧ್ಯಾಪಕರ ಪ್ರಬಂಧಗಳನ್ನು ಎಣಿಸುವ ಮೊದಲು, ವಾರದಲ್ಲಿ ಎರಡು ಬೆಳಗನ್ನಾದರೂ ಅವರಿಗೆ ಬಿಟ್ಟುಕೊಡಿ.