ಗಣಕದಲ್ಲಿ ಗಾನ: ಉತ್ತರ ಬೆಂಗಳೂರಿನ ಒಂದು ಅಧ್ಯಾಯ

ಬೆಂಗಳೂರಿನ ಉತ್ತರ ಭಾಗಕ್ಕೂ ಧ್ವನಿಯನ್ನು ದೂರಕ್ಕೆ ಸಾಗಿಸುವ ವಿದ್ಯೆಗೂ ಇರುವ ನಂಟು ಹಳೆಯದು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, ಅದರ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರೇಷಕಯಂತ್ರಗಳನ್ನೂ ತಯಾರಿಸತೊಡಗಿತು. ಮೂವತ್ತು ವರ್ಷಗಳ ತರುವಾಯ, 1994ರಲ್ಲಿ, ಯಲಹಂಕದ ಬಯಲಿನಲ್ಲಿ ಒಂದೊಂದೂ 500 ಕಿಲೋವ್ಯಾಟ್ ಸಾಮರ್ಥ್ಯವುಳ್ಳ ಶಾರ್ಟ್‌ವೇವ್ ಪ್ರೇಷಕಗಳು ನೆಲೆಗೊಂಡು, ಇಲ್ಲಿಂದ ಹೊರಟ ಸ್ವರ ಸಮುದ್ರಗಳಾಚೆಗೂ ಕೇಳಿಬರುವಂತಾಯಿತು. ವಾಲ್ವು ಹುಟ್ಟಿದ್ದೂ ಇಲ್ಲಿಯೇ, ಗೋಪುರ ಎದ್ದುದೂ ಇಲ್ಲಿಯೇ.

ಆದರೆ ಈ ಸಮಸ್ತ ವೈಭವದಲ್ಲಿ ಕೇಳುಗನ ಪಾತ್ರ ಅತ್ಯಲ್ಪವಾಗಿತ್ತು. ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಿ ಬರುವುದು, ಮನೆಗೆ ಬಂದು ತಿರುಗಣೆಯನ್ನು ಸರಿಯಾದ ಅಂಕೆಯ ಮೇಲೆ ನಿಲ್ಲಿಸುವುದು, ಬಳಿಕ ನಿಲಯದವರು ಏನನ್ನು ಯಾವ ಹೊತ್ತಿನಲ್ಲಿ ಹಾಡಿಸುವರೋ ಅದನ್ನು ಆ ಹೊತ್ತಿನಲ್ಲಿಯೇ ಕೇಳುವುದು: ಇಷ್ಟೇ ಅವನ ಅಧಿಕಾರ. ಕ್ಯಾಸೆಟ್ಟು ಬಂದಾಗ ಹೊತ್ತು ಅವನ ಕೈಸೇರಿತು. ಹಾಡಿನ ಆಯ್ಕೆಯೂ ಬಹುಮಟ್ಟಿಗೆ ಸೇರಿತು. ಹಾಡುವ ಯಂತ್ರ ಮಾತ್ರ ಆಗಲೂ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು. ಆ ಪೆಟ್ಟಿಗೆಯ ಮುಚ್ಚಳವನ್ನು ಸಾಮಾನ್ಯ ಶ್ರೋತೃವಿಗೂ ತೆರೆದುಕೊಟ್ಟುದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಹಾಡನ್ನಷ್ಟೇ ಅಲ್ಲದೆ ಹಾಡಿಸುವ ತಂತ್ರಾಂಶವನ್ನೂ ತಾನೇ ಆರಿಸಿ, ತಾನೇ ಸ್ಥಾಪಿಸಿ, ಮನಸ್ಸಿಗೆ ಬಾರದಿದ್ದರೆ ಬಿಚ್ಚಿ ತಿದ್ದುವ ಹಕ್ಕು ಕೇಳುಗನಿಗೆ ದೊರೆತ ಈ ಪ್ರಸಂಗವನ್ನು ಸಂಗೀತಪ್ರಿಯರು ಚರಿತ್ರೆಯೆಂದು ಎಣಿಸುವುದಿಲ್ಲ, ಗಣಕಜ್ಞರು ಸಂಗೀತವೆಂದು ಎಣಿಸುವುದಿಲ್ಲ. ಎರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮಲ್ಲೇಶ್ವರದಿಂದ ಯಶವಂತಪುರಕ್ಕೆ ಹೋಗುವ ದಾರಿಯಲ್ಲಿ, ಹಳಬರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿಕೊಳ್ಳುವ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಜಾಲದ ಮೊದಲ ಕೆಲವೇ ಕೇಂದ್ರಗಳಲ್ಲಿ ಅದೂ ಒಂದಾಗಿದ್ದುದರಿಂದ, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಿಂದ ಲೋಕಕ್ಕೆ ಬಿಟ್ಟುಕೊಟ್ಟ ವಸ್ತು ಅಂಥ ಆವರಣಗಳೊಳಗಿನವರಿಗೆ ಬೇಗನೆ ಎಟುಕುವ ಸ್ಥಿತಿಯಿತ್ತು. ಹೊರಗಿನವರ ಪಾಡು ಬೇರೆ. ಸಾರ್ವಜನಿಕರಿಗೆ ಅಂತರ್ಜಾಲ ದೊರೆತುದೇ 1995ರ ಆಗಸ್ಟ್ 15ರಂದು; ದೊರೆತ ಮೇಲೂ ದೂರವಾಣಿಯ ತಂತಿಗೆ ಮೋಡೆಮ್ ಕಟ್ಟಿಕೊಂಡು, ಅದು ಕೀರಲು ದನಿಯಲ್ಲಿ ಕೂಗಿ ಕೂಗಿ ಸಂಪರ್ಕ ಸಾಧಿಸಿದ ಬಳಿಕ, ಒಂದು ಸಿ.ಡಿ.ಯಷ್ಟು ಸರಕನ್ನು ಇಳಿಸಿಕೊಳ್ಳಲು ಒಂದು ಹಗಲು ಒಂದು ರಾತ್ರಿಯೂ ಸಾಲದು. ಅಷ್ಟರೊಳಗೆ ಮನೆಯವರಾರಾದರೂ ಫೋನ್ ಎತ್ತಿದರೆ ಪುನಃ ಮೊದಲಿನಿಂದ. ಆದುದರಿಂದ ಈ ನಗರದಲ್ಲಿ ಲಿನಕ್ಸ್ ಹಬ್ಬಿದುದು ತಂತಿಯ ಮೂಲಕವಲ್ಲ, ಕೈಯಿಂದ ಕೈಗೆ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯು ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ.ಯನ್ನು ಕೊಡುವ ಪದ್ಧತಿಯನ್ನು ಪ್ರಾರಂಭಿಸಿತು. ಆ ಪ್ರಯತ್ನದ ಹಿಂದಿದ್ದವರು ಬೆಂಗಳೂರನ್ನೇ ಮನೆಮಾಡಿಕೊಂಡಿದ್ದ ಅತುಲ್ ಚಿಟ್ನಿಸ್. ಒಂದು ಪ್ರತಿ ಒಬ್ಬರ ಮನೆಗೆ ಬಂದರೆ ಅದು ಆರ್.ಟಿ. ನಗರದಿಂದ ಹೆಬ್ಬಾಳಕ್ಕೆ, ಹೆಬ್ಬಾಳದಿಂದ ಯಲಹಂಕಕ್ಕೆ, ಗ್ರಂಥಾಲಯದ ಪುಸ್ತಕದಂತೆ ಎರವಲಾಗಿ ಸಂಚರಿಸಿ, ಮೈಮೇಲೆ ಗೀರು ಮೂಡಿಸಿಕೊಂಡು ಹಿಂದಿರುಗುವುದು. ಎರವಲು ಕೊಡುವುದು ಇಲ್ಲಿ ಕಾನೂನಿಗೆ ವಿರುದ್ಧವಲ್ಲ, ಲೈಸೆನ್ಸೇ ಅದಕ್ಕೆ ಅನುಮತಿಯಿತ್ತಿದೆ ಎಂಬ ಸಂಗತಿ, ನಕಲು ತಂತ್ರಾಂಶವನ್ನೇ ನಿತ್ಯವೂ ಕಂಡಿದ್ದ ಮಂದಿಗೆ ಹೊಸತೊಂದು ನೈತಿಕ ಸೌಖ್ಯವನ್ನು ಕೊಟ್ಟಿತೆಂದರೆ ಅತ್ಯುಕ್ತಿಯಲ್ಲ.

ಸಿ.ಡಿ. ಸಿಕ್ಕಿತು, ವ್ಯವಸ್ಥೆಯೂ ಸ್ಥಾಪಿತವಾಯಿತು. ಗಣಕ ಮಾತ್ರ ಮೂಕ. ಅಂದಿನ ಲಿನಕ್ಸಿನಲ್ಲಿ ಸೌಂಡ್ ಕಾರ್ಡನ್ನು ಎಚ್ಚರಿಸುವುದೇ ಒಂದು ಪ್ರತ್ಯೇಕ ಅನುಷ್ಠಾನ. ಕಾರ್ಡಿನ ಮೇಲಿನ ಚಿಪ್ಪು ಯಾವುದು, ಅದರ ಐಆರ್‌ಕ್ಯೂ ಸಂಖ್ಯೆ ಎಷ್ಟು, ಅದಕ್ಕೆ ಹೊಂದುವ ಡ್ರೈವರ್ ಯಾವುದೆಂದು ತಿಳಿದು, ಒಂದೊಂದನ್ನೂ ಬರೆದು, ಯಂತ್ರವನ್ನು ಪುನಃ ಚಾಲೂ ಮಾಡಿ ಕಿವಿಗೊಟ್ಟು ಕೂರಬೇಕು. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಈ ಕಾರ್ಯಕ್ಕೆಂದೇ ಸೌಂಡ್‌ಕಾನ್ಫಿಗ್ ಎಂಬೊಂದು ಚಿಕ್ಕ ಸಾಧನವಿತ್ತು. ಎಲ್ಲವೂ ಸರಿಯಾದಲ್ಲಿ, ಪರೀಕ್ಷಾರ್ಥವಾಗಿ, ಟೊರ್ವಾಲ್ಡ್ಸ್ ಅವರೇ ತಮ್ಮ ಕಂಠದಲ್ಲಿ ತಮ್ಮ ಹೆಸರನ್ನೂ ಲಿನಕ್ಸಿನ ಉಚ್ಚಾರಣೆಯನ್ನೂ ಹೇಳುವ ಒಂದು ಧ್ವನಿಮುದ್ರಿಕೆ ಕೇಳಿಬರುವುದು. ಹೀಗೆ ಎಷ್ಟೋ ಮನೆಗಳಲ್ಲಿ ಲಿನಕ್ಸ್ ಗಣಕ ನುಡಿದ ಮೊತ್ತಮೊದಲ ಶಬ್ದ ಅದರ ನಿರ್ಮಾತೃವಿನದೇ ಆಯಿತು. ಕಛೇರಿಗೆ ಮುನ್ನ ತಂಬೂರಿಯನ್ನು ಶ್ರುತಿಗೊಳಿಸುವ ತಾಳ್ಮೆಯೇ ಇಲ್ಲಿಯೂ ಬೇಕಾಗಿತ್ತು; ಶ್ರುತಿ ಕೂಡಿದ ಕ್ಷಣದ ತೃಪ್ತಿಯೂ ಅಂಥದೇ.

ಇನ್ನು ಹಾಡಿಸುವ ತಂತ್ರಾಂಶ. ಮೊದಲಿಗರು ಕಪ್ಪು ತೆರೆಯ ಟರ್ಮಿನಲ್ಲಿನಲ್ಲಿ ಎಂಪಿಜಿ123 ಎಂದು ಬೆರಳಚ್ಚಿಸಿ, ಮುಂದೆ ಹಾಡಿನ ಕಡತದ ಹೆಸರನ್ನು ಕೊಡುತ್ತಿದ್ದರು. ಹಾಡು ಬರುತ್ತಿತ್ತು, ನೋಡಲು ಏನೂ ಇರಲಿಲ್ಲ. ವಿಂಡೋಸಿನಲ್ಲಿ 1997ರಲ್ಲಿ ಬಂದ ವಿನ್ಆಂಪ್ ಜನಪ್ರಿಯವಾಗುತ್ತಿದ್ದಂತೆ, ಅದೇ ವರ್ಷದ ಕೊನೆಯಲ್ಲಿ ಮೈಕೇಲ್ ಆಲ್ಮ್ ಮತ್ತು ಪೀಟರ್ ಆಲ್ಮ್ ಎಂಬಿಬ್ಬರು ಅದರ ಮಾದರಿಯಲ್ಲಿ ಎಕ್ಸ್11ಆಂಪ್ ಎಂಬುದನ್ನು ರಚಿಸಿದರು. 1999ರಲ್ಲಿ ಅದು ಎಕ್ಸ್ಎಂಎಂಎಸ್ ಎಂಬ ಹೆಸರನ್ನು ಧರಿಸಿ, ಮುಂದಿನ ಐದಾರು ವರ್ಷ ಲಿನಕ್ಸ್ ಮನೆಗಳ ಆಸ್ಥಾನ ವಿದ್ವಾನನಾಗಿ ಮೆರೆಯಿತು. ಅಂಗೈಯಗಲದ ಕಿಟಕಿ, ಅದರಲ್ಲಿ ಸ್ವರದೊಡನೆ ಏರಿಳಿಯುವ ಹಸಿರು ಗೆರೆಗಳು, ಕೆಳಗೆ ಹಾಡುಗಳ ಪಟ್ಟಿ. ಎಂಪಿ3 ವಿಧಾನದಲ್ಲಿ, 128 ಕಿಲೋಬಿಟ್ ದರದಲ್ಲಿ ಅಡಕಗೊಳಿಸಿದರೆ ಒಂದು ಸಿ.ಡಿ.ಯಲ್ಲಿ ಸುಮಾರು 11 ಗಂಟೆಗಳ ಗಾಯನ ಹಿಡಿಸುವುದರಿಂದ, ಒಂದು ಬೀರುವಿನ ಕ್ಯಾಸೆಟ್ಟುಗಳು ಒಂದು ಬಿಲ್ಲೆಯಲ್ಲಿ ಅಡಗುವ ಕಾಲ ಬಂದಿತ್ತು.

ಇಂಥ ಸಮಯದಲ್ಲಿಯೇ ಒಂದು ವಿಘ್ನ ಒದಗಿತು. ಇದರ ಮೂಲ ತಂತ್ರಜ್ಞಾನದಲ್ಲಿರಲಿಲ್ಲ, ಕಾನೂನಿನಲ್ಲಿತ್ತು. ಎಂಪಿ3 ವಿಧಾನದ ಪೇಟೆಂಟುಗಳು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮತ್ತು ಫ್ರಾನ್ಸಿನ ಥಾಮ್ಸನ್ ಕಂಪನಿಯ ಕೈಯಲ್ಲಿದ್ದುವು. 2002ರ ಆಗಸ್ಟಿನಲ್ಲಿ ಲೈಸೆನ್ಸಿನ ಷರತ್ತುಗಳ ವಿಷಯದಲ್ಲಿ ಸಂದೇಹ ಹುಟ್ಟಿ, ಮರುತಿಂಗಳ ಕೊನೆಗೆ ಹೊರಬಂದ ರೆಡ್ ಹ್ಯಾಟ್ 8.0 ಆವೃತ್ತಿಯಲ್ಲಿ ಎಂಪಿ3 ನುಡಿಸುವ ಭಾಗವನ್ನೇ ತೆಗೆದುಹಾಕಲಾಯಿತು. ಎಕ್ಸ್ಎಂಎಂಎಸ್ ಇತ್ತು, ಹಾಡಿನ ಮೇಲೆ ಒತ್ತಿದರೆ ಹಾಡಿನ ಬದಲು, ಕಾನೂನಿನ ಕಾರಣದಿಂದ ಈ ಸೌಲಭ್ಯವನ್ನು ತೆಗೆಯಲಾಗಿದೆಯೆಂಬ ಒಕ್ಕಣೆ ಮೂಡುತ್ತಿತ್ತು. ಯಶವಂತಪುರದ ಬಾಡಿಗೆ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಗೆ ಅಮೆರಿಕದ ಪೇಟೆಂಟ್ ಕಾನೂನಿನ ಪರಿಚಯವಾದುದು ಹೀಗೆ. ನಮ್ಮ ದೇಶದಲ್ಲಿಯಾದರೋ, 2002ರ ತಿದ್ದುಪಡಿಯ ಮೂಲಕ ಪೇಟೆಂಟ್ ಕಾಯಿದೆಯ 3(ಕೆ) ಕಲಮು ಗಣಕದ ಕ್ರಮವಿಧಿಯು ತನ್ನಷ್ಟಕ್ಕೆ ಪೇಟೆಂಟಿಗೆ ಅರ್ಹವಲ್ಲವೆಂದು ಸಾರಿತು. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಆ ನಿರ್ಬಂಧವನ್ನು ಸಡಿಲಿಸಲು ಹೊರಟಾಗ, 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ತಳ್ಳಿಹಾಕಿತು. ಹಾಡು ಕೇಳುವ ಸಾಮಾನ್ಯನ ಹಿತವೂ ಅಡಗಿದ್ದ ಈ ನಿರ್ಣಯವನ್ನು ನಾವು ನೆನೆಯುವುದು ಸಾಲದು.

ತೆಗೆದುಹಾಕಿದ ಆ ಭಾಗವನ್ನು ಮರಳಿ ಕೂಡಿಸುವುದು ಅಂದಿನ ದೀಕ್ಷೆ. ಆರ್‌ಪಿಎಂ ಪ್ಯಾಕೇಜೊಂದನ್ನು ಫ್ಲಾಪಿಯಲ್ಲೋ ಸಿ.ಡಿ.ಯಲ್ಲೋ ತಂದು ಸ್ಥಾಪಿಸಹೋದರೆ, ತನಗೆ ಇಂಥ ಲೈಬ್ರರಿ ಬೇಕೆಂದು ಅದು ಹಟ ಹಿಡಿಯುವುದು. ಆ ಲೈಬ್ರರಿಗೆ ಮತ್ತೊಂದು, ಮತ್ತೊಂದಕ್ಕೆ ಮಗುದೊಂದು. ಬೇಸತ್ತವರು ಮೂಲ ಆಕರವನ್ನೇ ತಂದು ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಆಜ್ಞೆಗಳನ್ನು ಮಂತ್ರದಂತೆ ಉಚ್ಚರಿಸುವರು. ಕೆಲವರು ಪೇಟೆಂಟಿನ ಗೊಡವೆಯೇ ಬೇಡವೆಂದು, 2002ರ ಜುಲೈಯಲ್ಲಿ ಪರಿಪೂರ್ಣ ರೂಪಕ್ಕೆ ಬಂದ ಆಗ್ ವೋರ್ಬಿಸ್ ಎಂಬ ಮುಕ್ತ ವಿಧಾನಕ್ಕೆ ತಮ್ಮ ಸಿ.ಡಿ. ಸಂಗ್ರಹವನ್ನು ಮಾರ್ಪಡಿಸಿಕೊಂಡರು. ಅವರನ್ನು ಹಟವಾದಿಗಳೆಂದವರುಂಟು, ನಾನು ಅವರನ್ನು ದೂರದರ್ಶಿಗಳೆನ್ನುವೆನು.

ಒಬ್ಬೊಬ್ಬರೇ ಕಲಿತ ಈ ವಿದ್ಯೆಗೆ ಸಭಾಮಂಟಪ ದೊರೆತುದೂ ಈ ದಿಕ್ಕಿನಲ್ಲಿಯೇ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ವಾರ್ಷಿಕ ಸಮ್ಮೇಳನ ಆರಂಭವಾಯಿತು. 2005ರಲ್ಲಿ ಫಾಸ್ ಡಾಟ್ ಇನ್ ಎಂದು ಪುನರ್ನಾಮಕರಣಗೊಂಡು, 2012ರವರೆಗೆ ನಡೆಯಿತು. ಕೆಲವು ವರ್ಷ ಅದು ವಿಜ್ಞಾನ ಸಂಸ್ಥೆಯ ಆವರಣದ ಜೆ.ಎನ್. ಟಾಟಾ ಸಭಾಂಗಣದಲ್ಲಿಯೂ, 2005ರಲ್ಲಿ ಅರಮನೆ ಮೈದಾನದಲ್ಲಿಯೂ ಸೇರಿತು. ದೇಶವಿದೇಶಗಳ ತಂತ್ರಾಂಶ ಕರ್ತೃಗಳು, ವಿದ್ಯಾರ್ಥಿಗಳು, ಕಚೇರಿಗೆ ರಜೆ ಹಾಕಿ ಬಂದವರು, ಎಲ್ಲರೂ ಒಂದೇ ಪಡಸಾಲೆಯಲ್ಲಿ ನಿಂತು ಮಾತನಾಡುವ ಸಂದರ್ಭವದು. ಅದರ ಜೀವಾಳವಾಗಿದ್ದ ಚಿಟ್ನಿಸ್ 2013ರ ಜೂನ್ 3ರಂದು, ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಮ್ಮೇಳನಕ್ಕೆ ಸಮನಾದುದನ್ನು ನಗರ ಮತ್ತೆ ಕಂಡಿತೆಂದು ನನಗೆ ತೋರುವುದಿಲ್ಲ.

ಇದೇ ಆವರಣದ ಗಣಕವಿಜ್ಞಾನ ವಿಭಾಗದ ಅಧ್ಯಾಪಕರು, ಎನ್ಕೋರ್ ಎಂಬ ಕಂಪನಿಯೊಡಗೂಡಿ, ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ಕಲ್ಪಿಸಿದ್ದರು. ಅದರ ಅಂತರಂಗವೂ ಲಿನಕ್ಸೇ. ಅಕ್ಷರ ಬಾರದವರಿಗೆ ಬರಹವನ್ನು ದೇಶಭಾಷೆಯಲ್ಲಿ ಓದಿಹೇಳಬೇಕೆಂಬುದು ಅದರ ಧ್ಯೇಯಗಳಲ್ಲಿ ಒಂದಾಗಿತ್ತು. 2004ರಲ್ಲಿ ಅಮಿಡ ಎಂಬ ಹೆಸರಿನಿಂದ ಅದನ್ನು ತಯಾರಿಸಿದುದು ಜಾಲಹಳ್ಳಿಯ ಆ ಭಾರತ್ ಎಲೆಕ್ಟ್ರಾನಿಕ್ಸೇ. ಮಾರಾಟ ನಿರೀಕ್ಷೆಯನ್ನು ಮುಟ್ಟಲಿಲ್ಲ. ಆದರೂ ಲಿನಕ್ಸಿನ ಮೇಲೆ ಕನ್ನಡವನ್ನು ನುಡಿಸಬಹುದೆಂಬುದಕ್ಕೆ ಈ ಪ್ರಾಂತದಲ್ಲಿಯೇ ಪ್ರಮಾಣ ಸಿಕ್ಕಿತ್ತು.

2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಲಿನಕ್ಸ್ ಆವೃತ್ತಿ ಬಂದ ಬಳಿಕ ಸ್ಥಾಪನೆಯ ಕಾಠಿಣ್ಯ ಬಹುಪಾಲು ಕರಗಿತು. ಕೇಳಿಕೊಂಡವರಿಗೆ ಅದರ ತಯಾರಕರು ಬಿಲ್ಲೆಗಳನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. 2011ರವರೆಗೂ ಆ ಔದಾರ್ಯ ನಡೆಯಿತು. 2005ರಲ್ಲಿ ಬಿಎಸ್ಎನ್ಎಲ್ಲಿನ ಬ್ರಾಡ್‌ಬ್ಯಾಂಡ್ ಬಂದು, ಒಂದು ಆಜ್ಞೆ ಕೊಟ್ಟರೆ ಬೇಕಾದ ಲೈಬ್ರರಿಗಳನ್ನೆಲ್ಲ ಆಪ್ಟ್ ಎಂಬ ಸಾಧನ ತಾನೇ ಹುಡುಕಿ ತರುವಂತಾಯಿತು. ಆಗ ಪ್ರಶ್ನೆ ಸ್ಥಾಪಿಸುವುದು ಹೇಗೆಂಬುದರಿಂದ ಯಾವುದನ್ನು ಆರಿಸಬೇಕೆಂಬುದಕ್ಕೆ ತಿರುಗಿತು. ಲಿನಕ್ಸಿನ ಎರಡು ಡೆಸ್ಕ್‌ಟಾಪುಗಳಲ್ಲಿ ಗ್ನೋಮ್ ಪಕ್ಷದವರಿಗೆ ರಿದಂಬಾಕ್ಸ್. ಕೆಡಿಇ ಪಕ್ಷದವರಿಗೆ, ಮಾರ್ಕ್ ಕ್ರೆಟ್ಸ್‌ಮಾನ್ 2003ರಲ್ಲಿ ಆರಂಭಿಸಿದ ಅಮರೋಕ್. ಎಕ್ಸ್ಎಂಎಂಎಸ್ ಹಾಡುಗಳ ಪಟ್ಟಿಯನ್ನಷ್ಟೇ ಬಲ್ಲುದು. ಇವು ಸಂಗ್ರಹವನ್ನು ಬಲ್ಲವು, ಗಾಯಕ, ಆಲ್ಬಂ, ವರ್ಷ ಎಂದು ವಿಂಗಡಿಸಬಲ್ಲವು. ಸಾವಿರಾರು ಹಾಡುಗಳುಳ್ಳವನಿಗೆ ಇದು ಸಣ್ಣ ಭೇದವಲ್ಲ.

ಕನ್ನಡಿಗನಿಗೆ ಇನ್ನೂ ಮಹತ್ತರವಾದ ಭೇದವೊಂದಿತ್ತು, ಅದನ್ನು ಒತ್ತಿ ಹೇಳಬೇಕಾಗಿದೆ. ಎಕ್ಸ್ಎಂಎಂಎಸ್ ಕೊನೆಯವರೆಗೂ ಜಿಟಿಕೆ ಎಂಬ ಕಿಟಕಿ ರಚಿಸುವ ಲೈಬ್ರರಿಯ ಹಳೆಯ ಮೊದಲನೆಯ ಆವೃತ್ತಿಯನ್ನೇ ನೆಚ್ಚಿಕೊಂಡಿದ್ದುದರಿಂದ, ಅದರ ಪಟ್ಟಿಯಲ್ಲಿ ಕನ್ನಡ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ಒಡೆದುಹೋಗುತ್ತಿತ್ತು. 2002ರಲ್ಲಿ ಬಂದ ಜಿಟಿಕೆ 2 ಮತ್ತು ಅದರ ಅಕ್ಷರಯೋಜಕವಾದ ಪ್ಯಾಂಗೊ ಯೂನಿಕೋಡನ್ನು ಅಂಗೀಕರಿಸಿ, ಒತ್ತಕ್ಷರವನ್ನು ಒತ್ತಾಗಿ ಇಡುವುದನ್ನು ಕಲಿತುವು. ಕೇದಗೆ, ಮಲ್ಲಿಗೆ ಎಂಬ ಮುಕ್ತ ಅಕ್ಷರರೂಪಗಳು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಭಂಡಾರದಲ್ಲಿ ಸೇರಿದುವು. ಅಂದಿನಿಂದ ರಿದಂಬಾಕ್ಸಿನ ಪಟ್ಟಿಯಲ್ಲಿ ಗಾಯಕ ಕಾಳಿಂಗರಾಯರ ಹೆಸರನ್ನು ಕನ್ನಡದಲ್ಲಿಯೇ ಬರೆದಿಡುವುದು ಸಾಧ್ಯವಾಯಿತು. ರವೀಂದ್ರನಾಥ ಟಾಗೋರರ ಹೆಸರು ಹೊತ್ತ ಆರ್.ಟಿ. ನಗರದಂಥ ಬಡಾವಣೆಯಲ್ಲಿ ಗಾಯಕನ ನಾಮಧೇಯವನ್ನು ಅವನ ಭಾಷೆಯಲ್ಲಿ ಬರೆಯಬೇಕೆನ್ನುವುದು ಅತಿಯಾಸೆಯೇನೂ ಅಲ್ಲ.

ಆ ಮೇಲಿನ ಚರಿತ್ರೆಯನ್ನು ಶೀಘ್ರವಾಗಿ ಹೇಳಬಹುದು. 2007ರಲ್ಲಿ ಎಕ್ಸ್ಎಂಎಂಎಸ್ಸಿನ ಕೊನೆಯ ಬಿಡುಗಡೆಯಾಯಿತು. ಅದೇ ವರ್ಷ ಫೆಡೋರಾ 8 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಪಲ್ಸ್‌ಆಡಿಯೋ ಎಂಬ ಧ್ವನಿ ನಿರ್ವಾಹಕ ಬಂದು, ಎರಡು ತಂತ್ರಾಂಶಗಳು ಒಂದೇ ಸೌಂಡ್ ಕಾರ್ಡಿಗಾಗಿ ಕಾದಾಡುವುದು ಕ್ರಮೇಣ ನಿಂತಿತು. 2008ರ ಡಿಸೆಂಬರಿನಲ್ಲಿ ಅಮರೋಕ್ ತನ್ನ ರೂಪವನ್ನೇ ಬದಲಿಸಿಕೊಂಡಾಗ, ಹಳೆಯ ರೂಪವನ್ನು ಪ್ರೀತಿಸಿದವರು ಅದರ ಆಕರದಿಂದಲೇ ಕ್ಲೆಮೆಂಟೈನನ್ನು ಕಟ್ಟಿಕೊಂಡರು; ಕ್ಲೆಮೆಂಟೈನ್ ಸೊರಗಿದಾಗ ಅದರಿಂದ ಸ್ಟ್ರಾಬೆರಿ ಹುಟ್ಟಿತು. ಮುಚ್ಚಿದ ಪೆಟ್ಟಿಗೆಯ ಯಂತ್ರವಾಗಿದ್ದರೆ ಕಂಪನಿ ಕೈಬಿಟ್ಟ ದಿನವೇ ಅದರ ಆಯುಷ್ಯ ಮುಗಿಯುತ್ತಿತ್ತು. ಇಲ್ಲಿ ಕೇಳುಗರೇ ಉತ್ತರಾಧಿಕಾರಿಗಳಾದರು. 2017ರ ಏಪ್ರಿಲಿನಲ್ಲಿ ಎಂಪಿ3ರ ಲೈಸೆನ್ಸು ವ್ಯವಹಾರವೇ ಸಮಾಪ್ತವಾಯಿತು. ಇಂದು ಹೊಸಬನೊಬ್ಬನು ಉಬುಂಟು ಸ್ಥಾಪಿಸಿಕೊಂಡರೆ ರಿದಂಬಾಕ್ಸ್ ಸುಲಭವಾಗಿ ದೊರೆಯುತ್ತದೆ. ದೊಡ್ಡ ಸಂಗ್ರಹವಿದ್ದವನು ಸ್ಟ್ರಾಬೆರಿಯನ್ನು ತರಿಸಿಕೊಳ್ಳಲಿ ಎಂಬುದು ನನ್ನ ಸಲಹೆ.

ಉಳಿದಿರುವ ಕೆಲಸ ಹೆಸರುಗಳದು. ಹಳೆಯ ಕನ್ನಡ ಸಿ.ಡಿ.ಗಳಿಂದ ಬಂದ ಕಡತಗಳಲ್ಲಿ ಗಾಯಕರ ಹೆಸರು ಇಂಗ್ಲಿಷಿನಲ್ಲಿ ಹತ್ತು ವಿಧವಾಗಿ ಬಿದ್ದಿದೆ. ರಚಿಸಿದ ಕವಿಯ ಹೆಸರಂತೂ ಅನೇಕ ಕಡೆ ಇಲ್ಲವೇ ಇಲ್ಲ. ಯೂನಿಕೋಡಿಗೆ ಮುನ್ನಿನ ಅಕ್ಷರಕ್ರಮದಲ್ಲಿ ಬರೆದುವು ಓದಲು ಬಾರವು. ಇವನ್ನು ತಿದ್ದಲು ಪಿಕಾರ್ಡ್, ಈಸಿಟ್ಯಾಗ್ ಮುಂತಾದ ಮುಕ್ತ ಸಾಧನಗಳಿವೆ. ಹಾಡನ್ನು ಕೇಳುತ್ತ, ಗಾಯಕರು, ಕವಿ, ಸಂಗೀತ ನಿರ್ದೇಶಕರು, ವರ್ಷ ಎಂದು ಒಂದೊಂದನ್ನೂ ಕನ್ನಡದಲ್ಲಿ ತುಂಬಿ, ಯುಟಿಎಫ್-8ರಲ್ಲಿ ಉಳಿಸಬೇಕು.